ಒಳಗಿನ ಕಂಪ್ಯೂಟರು

ಮಾರ್ಚ್ 3, ಬೆಳಿಗ್ಗೆ

ಇಲ್ಲಣ್ಣಾ, ನಿನ್ನ ಕಂಪ್ಯೂಟರಿನಾಗ ಆಡಿಲ್ಲ. ಅದರೊಳಗಿನ ಕಂಪ್ಯೂಟರಿನಾಗ ಆಡೇನಿ. ಎರಡೂ ಬ್ಯಾರೆ.

ಎದುರಿಗೆ ಪೂರ್ತಿ ಹೇಳಲು ಬಿಡಲಿಲ್ಲ, ಅದಕ್ಕೆ ಈ ಡೈರಿಯಲ್ಲಿ ಬರೆದೆ. ಅಂಗಡಿಯ ಕಂಪ್ಯೂಟರಿಗೆ ಗೇಮ್ ಹಾಕಬೇಡ ಅಂದವನು ಸಂಗನಬಸವಣ್ಣನೇ. ಹಾಕಿಲ್ಲ. ವರ್ಚುವಲ್ ಮಷೀನ್ ಮಾಡಿದ್ದೇನೆ — ಕಂಪ್ಯೂಟರಿನ ಹೊಟ್ಟೆಯಲ್ಲಿ ಇನ್ನೊಂದು ಕಂಪ್ಯೂಟರ್. ಒಣದ್ರಾಕ್ಷಿಯ ಬಿಲ್ಲು ಹೊರಗೆ, ಗೇಮ್ ಒಳಗೆ. ವೈರಸ್ ಬಂದರೂ ಒಳಗೇ ಸಾಯುತ್ತದೆ. ಇಷ್ಟು ಹೇಳಿದ್ದಕ್ಕೆ...

"ಒಳಗಿಂದು ಯಾರ ಮನ್ಯಾಗ ನಿಂತೈತಿ? ಕರೆಂಟ್ ಯಾರದು? ಹತ್ತನೇ ಕ್ಲಾಸ್ ಕಲತು ನನಗ ಮಷೀನ್ ಕಲಸ್ತಿ?"

ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಯಾರದು, ಅದನ್ನು ಮಾತ್ರ ಕೇಳಲಿಲ್ಲ. ನನ್ನದು. ಎರಡು ಸೀಸನ್ ದ್ರಾಕ್ಷಿ ಪೆಟ್ಟಿಗೆ ಹೊತ್ತ ಕೂಲಿಯಲ್ಲಿ ತಂದದ್ದು.

ಮಾರ್ಚ್ 5

ಒಳಗೆ ಗೇಮ್ ಓಡುವುದಿಲ್ಲ, ತೆವಳುತ್ತದೆ. ಗುಂಡು ಹೊಡೆದರೆ ನಾನು ಸತ್ತ ಮೇಲೆ ಸಿಡಿಯುತ್ತದೆ. ಕಾರ್ಡ್ ಹೊರಗಿನದರ ಕೈಯಲ್ಲಿದೆ, ಒಳಗಿನದಕ್ಕೆ ಸಿಗುತ್ತಿಲ್ಲ.

ಅಕೀಬ ಫೋನ್ ಮಾಡಿದ್ದ. ವಿಜಯಪುರದ ಜಲನಗರದಲ್ಲಿ ಅವನದೇ ಗೇಮಿಂಗ್ ಸೆಂಟರ್.

"ಹದಿನೈದಕ್ಕ ಐತವಾರ ಟೀಮ್ ಆರಸ್ತೀನಿ ಭಾಯ್. ಹಿಂಗ ನಿಂತು ನಿಂತು ಆಡಿದ್ರ ನಿನ್ನ ಬಿಟ್ಟು ಬ್ಯಾರೇದವನ್ನ ತಗೋತೀನಿ."

ಟೂರ್ನಮೆಂಟಿಗೆ ಐದು ಮಂದಿ. ಇಲ್ಲಿ ತಿಕೋಟಾದಲ್ಲಿ ನಾನು ಸಂಗನಬಸವನ ತಮ್ಮ. ಅಲ್ಲಿ ಮಾತ್ರ ಸತೀಶಕುಮಾರ.

ಮಾರ್ಚ್ 9, ಮಧ್ಯಾಹ್ನ

ಆಯಿತು. ಕಾರ್ಡನ್ನು ಪೂರ್ತಿ ಒಳಗಿನ ಮಷೀನಿಗೇ ಕೊಟ್ಟೆ. ಗೇಮ್ ನೀರು ಹರಿದ ಹಾಗೆ.

ಒಂದೇ ತೊಡಕು — ಇರುವುದು ಒಂದೇ ಕಾರ್ಡ್. ಒಳಗೆ ಹೋದರೆ ಹೊರಗಿನದು ಕುರುಡು. ಬಿಲ್ಲು ಕಾಣಬೇಕಾದರೆ ಒಳಗಿನದನ್ನು ಬಂದ್ ಮಾಡಬೇಕು. ಆಗಲೇ ಅಣ್ಣ ವ್ಯಾಪಾರಿಯನ್ನು ಕರೆದುಕೊಂಡು ಬರಬೇಕೇ...

"ಬಿಲ್ಲ ಎಲ್ಲೈತಿ ಲೇ?"

"ಹಿಂದ ಐತಿ. ತಡಿ, ಇದನ್ನ ಬಂದ್ ಮಾಡಿ..."

ತಡೆಯಲಿಲ್ಲ. ಪ್ಲಗ್ಗನ್ನೇ ಕಿತ್ತ. ಅರ್ಧ ಬರೆದ ಬಿಲ್ಲೂ ಹೋಯಿತು.

"ನಿಮ್ಮ ತಮ್ಮ ಒಣದ್ರಾಕ್ಷಿ ಕಾಯಾಕ ಬಂದೂಕು ಹಿಡದಾನಲ್ರಿ," ಅಂದ ವ್ಯಾಪಾರಿ. ಅಣ್ಣನೂ ನಕ್ಕ. ಅವನು ನಕ್ಕಿದ್ದೇ ಬೈಗುಳಕ್ಕಿಂತ ಕೆಟ್ಟದು.

ಮಾರ್ಚ್ 14

ಅಣ್ಣ ನಾಲ್ಕು ದಿನ ಕೀಬೋರ್ಡ್ ಮುಟ್ಟಗೊಡಲಿಲ್ಲ. ಇಂದು ಅವನು ಬ್ಯಾಂಕಿಗೆ ಹೋದಾಗ ತೆರೆದೆ. ಗೇಮ್ ಅಪ್‌ಡೇಟ್ ಆಗಿದೆ. ಪರದೆಯ ಮೇಲೆ ಒಂದೇ ಸಾಲು — ವರ್ಚುವಲ್ ಮಷೀನಿನಲ್ಲಿ ಆಡಲು ಬಿಡುವುದಿಲ್ಲವಂತೆ. ಮೋಸ ಮಾಡುವವರು ಹೀಗೆ ಬರುತ್ತಾರಂತೆ. ಮನೆಯಲ್ಲೂ ಕಳ್ಳ, ಗೇಮಿನಲ್ಲೂ ಕಳ್ಳ.

ಫೋನಿನಲ್ಲಿ ಹೇಳಿದರೆ ಅಕೀಬ ಗೊಳ್ಳೆಂದು ನಕ್ಕ. "ನನ್ನ ಕಡೆ ಒಂದು ಕಂಪ್ಯೂಟರ್ ಡಬ್ಬಿ ಖಾಲಿ ಐತಿ, ಕಾರ್ಡ್ ಸುಟ್ಟೈತಿ. ನಿಂದು ತಂದು ಹಾಕು, ಆಡು. ನಾಳೆ ತಪ್ಪಿಸಬ್ಯಾಡ."

ಊಟಕ್ಕೆ ಕುಳಿತಾಗ ಅಣ್ಣನಿಗೆ ಹೇಳಿದೆ, ಕಾರ್ಡ್ ಒಯ್ಯುತ್ತೇನೆ ಅಂತ. ರೊಟ್ಟಿ ಮುರಿಯುವುದನ್ನು ನಿಲ್ಲಿಸಲೂ ಇಲ್ಲ.

"ನನ್ನ ಡಬ್ಬ್ಯಾಗ ಕುಂತದ್ದು ಅಂಗಡೀದು. ನೀನೂ ಸೈತ."

ಮಾರ್ಚ್ 15, ಬೆಳಿಗ್ಗೆ ಎಂಟು

ಅಣ್ಣ ಕೋಲ್ಡ್ ಸ್ಟೋರೇಜಿನಲ್ಲಿದ್ದಾನೆ. ಹತ್ತಕ್ಕೆ ಲಾರಿ. ಬಿಲ್ಲಿಲ್ಲದೆ ಅದು ಹೊರಡುವುದಿಲ್ಲ. ಗೊತ್ತು. ಕಾರ್ಡಿಲ್ಲದೆ ಈ ಕಂಪ್ಯೂಟರಿನ ಪರದೆ ಹತ್ತುವುದಿಲ್ಲ. ಅದೂ ಗೊತ್ತು.

ಸ್ಕ್ರೂ ಬಿಚ್ಚಿದೆ. ಕಾರ್ಡಿನ ಫ್ಯಾನಿನಲ್ಲಿ ಒಂದು ಒಣದ್ರಾಕ್ಷಿ ತೊಟ್ಟು ಸಿಕ್ಕಿಕೊಂಡಿತ್ತು. ತೆಗೆದು ಅಣ್ಣನ ಕುರ್ಚಿಯ ಮೇಲಿಟ್ಟೆ. ಅದು ಅಂಗಡಿಯದು.

ಅನುರಾಧಾ ಅತ್ತಿಗೆ ಚಹಾ ತಂದವರು ಅಲ್ಲೇ ನಿಂತರು.

"ಅವರು ಬಂದ್ರ ಏನ್ ಹೇಳ್ಲಿ ಸತೀಶಾ?"

"ನಂದು ನಾ ಒಯ್ದೇನಿ ಅಂತ ಹೇಳ್ರಿ."

"ನಂದು ಅಂದ್ರ ಕಾರ್ಡ್ ಏನು?"

"ಕಾರ್ಡೂ."

ನನ್ನ ಚೀಲ ನೋಡಿದರು. ಬಟ್ಟೆಗಳೂ ಇದ್ದವು ಅದರಲ್ಲಿ. ಚಹಾ ಇಟ್ಟು ಒಳಗೆ ಹೋದರು.

ಕುಡಿಯಲಿಲ್ಲ. ತಿಕೋಟಾ ಸ್ಟ್ಯಾಂಡಿನಲ್ಲಿ ವಿಜಯಪುರದ ಬಸ್ಸು ಹಾರ್ನ್ ಹೊಡೆಯುತ್ತಿದೆ. ಈ ಡೈರಿಯನ್ನೂ ಚೀಲಕ್ಕೆ ಹಾಕಿ, ಬಾಗಿಲು ಎಳೆದುಕೊಂಡು—