ಹನುಮಕ್ಕ ಒಡೆದ ಕಾಯಿ

ತುಮಕೂರು, ೨ ನವೆಂಬರ್ ೧೯೮೨

ಅಮ್ಮಾ,

ಇಂದು ಸತ್ತವರನ್ನು ನೆನೆಯುವ ದಿನ. ನಿನ್ನ ಸಮಾಧಿಗೆ ಮೇಣದಬತ್ತಿ ಹಚ್ಚಲು ಹೋದರೆ, ನಮಗೆ ಹಾಲು ಹಾಕುತ್ತಿದ್ದ ಹನುಮಕ್ಕ ಗುಬ್ಬಿಯಿಂದ ಬಂದು ಶಿಲುಬೆಗೆ ಕುಂಕುಮವಿಟ್ಟು ಕಾಯಿ ಒಡೆಯುತ್ತಿದ್ದಳು. ತಡೆಯಲು ಹೋದೆ.

“ಬುಡವ್ವ,” ಎಂದಳು. “ನಂಗೆ ಜರ ಬಂದಾಗ ನಮ್ಮ ಹನುಮಪ್ಪನ ಗುಡಿಯಿಂದ ತಾನೇ ತೀರ್ಥ ತಂದು ಕುಡಿಸ್ದೋಳು ನಿಮ್ಮವ್ವ. ಒಂದಿನಾನೂ ಚರ್ಚಿಗೆ ಬಾ ಅನ್ನಲಿಲ್ಲ.”

ನನಗೆ ಹೊಟ್ಟೆ ಉರಿಯಿತು. ದೇವರಲ್ಲಿ ನಂಬಿಕೆ ಉಳಿದಿಲ್ಲ ಎಂದು ನಾನು ಹೇಳಿದ ದಿನ ನೀನು ನನ್ನ ಮುಂದಿನ ಊಟದ ತಟ್ಟೆ ಎತ್ತಿಬಿಟ್ಟೆ. ಆಮೇಲೆ ನಾನೂ ಮನೆಗೆ ಬರುವುದನ್ನು ಬಿಟ್ಟೆ. ಸ್ವಂತ ಮಗಳೆಂದು ನಿನಗೆ ಹೆಚ್ಚು ನೋವಾಗಿರಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಇವತ್ತು ಆ ಸಮಾಧಾನ ಸಾಲಲಿಲ್ಲ.

ಹನುಮಕ್ಕ ಒಂದು ಹೋಳನ್ನು ನಿನಗಿಟ್ಟು, ಇನ್ನೊಂದನ್ನು ನನ್ನ ಕೈಗಿತ್ತಳು.

“ನಿಮ್ಮವ್ವನೇ ಕೊಟ್ಟಿದ್ದು ಅಂತ ತಿನ್ನು.”

ಅಲ್ಲೇ ನಿನ್ನ ಪಕ್ಕದಲ್ಲಿ ಕೂತು ತಿಂದೆ.