ಕೂತು ಉಂಡವರ ಎಣಿಕೆ

ಬಾಗಲಕೋಟೆ
೧೮-೨-೧೯೮೪

ಪ್ರೀತಿಯ ಅಕ್ಕ ಗುರುಲಿಂಗವ್ವನಿಗೆ ತಂಗಿಯ ಶರಣು.

ಈ ಕಾಗದವನ್ನು ಒಡೆಯದೇ ಒಲೆಗೆ ಹಾಕುವಷ್ಟು ಸಿಟ್ಟು ನಿನಗಿದೆ, ಬಲ್ಲೆ. ಆದರೂ ಬರೆಯುತ್ತೇನೆ. ಇಳಕಲ್ಲಿನಲ್ಲಿ ನೀನು ನಡೆಸುತ್ತಿದ್ದ ಬಾಲವಾಡಿ ಮುಚ್ಚಿದ್ದು ನನ್ನ ವರದಿಯಿಂದಲೇ. ಆಮೇಲೆ ನಿಮ್ಮ ಕೇರಿಯ ನೇಕಾರರ ಮಾಯವ್ವನ ಎರಡು ವರ್ಷದ ಕೂಸು ಒಣಗುತ್ತ ಒಣಗುತ್ತ ಹೋಗಿಯೇ ಬಿಟ್ಟಿತೆಂಬ ಸುದ್ದಿ ಹೋದ ವಾರ ಮುಟ್ಟಿತು.

ಇದಕ್ಕೂ ಮೊದಲು ಬಾದಾಮಿ ಕಡೆ ಊರೂರು ಅಲೆದು ಎರಡು ವರದಿ ಬರೆದಿದ್ದೆ. ಒಂದೊಂದೂ ನೂರಿಪ್ಪತ್ತು ಪುಟ. ಅವನ್ನು ಗೆದ್ದಲು ಓದಿತು, ಮನುಷ್ಯರು ಓದಲಿಲ್ಲ. ಅದಕ್ಕೇ ಈ ಸಲ ಮೊದಲು ನಮ್ಮ ಕಚೇರಿಯ ಸಾಹೇಬರ ಮುಂದೆ ಕೂತು, ಈ ವರದಿಯಿಂದ ನೀವು ಮಾಡುವುದೇನು ಎಂದು ಕೇಳಿದೆ. "ಎರಡು ಬಾಲವಾಡಿ ಬ್ಯಾರೆ ಊರಿಗೆ ಒಯ್ಯಬೇಕ್ರಿ. ಯಾವ ಎರಡು, ಅಷ್ಟ ಹೇಳ್ರಿ" ಎಂದರು. ನಾನು ಕೇಂದ್ರದಲ್ಲಿ ಕೂತು ಉಂಡ ಮಕ್ಕಳನ್ನಷ್ಟೇ ಎಣಿಸಿದೆ. ನಾಲ್ಕೇ ಪುಟ. ಹದಿನೈದು ದಿನದಲ್ಲಿ ಆದೇಶ ಹೊರಟಿತು. ಐಹೊಳೆ ಹತ್ತಿರ ಕೂಲಿಕಾರರ ಕೇರಿಯೊಂದಕ್ಕೆ ಮೊದಲ ಸಲ ಬಾಲವಾಡಿ ಬಂತು, ಈಗ ಅಲ್ಲಿ ನಲವತ್ತು ಮಕ್ಕಳು ಉಣ್ಣುತ್ತಿವೆ. ಹೆಮ್ಮೆಪಟ್ಟೆ ಅಕ್ಕ, ಸುಳ್ಳು ಹೇಳಲಾರೆ.

ನಿನ್ನಲ್ಲಿ ಕೂತು ಉಂಡವರು ಒಂಬತ್ತೇ. ಕಂಡಿಕೆಗೆ ನೂಲು ಸುತ್ತುತ್ತ, ಸೀರೆಯ ಸೆರಗಿನ ಎಳೆ ಕೂಡಿಸುತ್ತ ಕೂತ ತಾಯಂದಿರು ಮಗ್ಗ ಬಿಟ್ಟು ಏಳುವಂತಿಲ್ಲ. ದೊಡ್ಡ ಹುಡುಗಿಯರು ಡಬರಿಯಲ್ಲಿ ಉಪ್ಪಿಟ್ಟು ಒಯ್ದು ಮನೆಯ ಸಣ್ಣವಕ್ಕೆ ಉಣಿಸುತ್ತಿದ್ದರು. "ಅವೂ ನನ್ನ ಹುಡುಗರ ಅದಾವ, ಬರ್ಕೊ" ಎಂದು ನೀನು ಬಾಗಿಲಲ್ಲಿ ನಿಂತು ಹೇಳಿದೆ. ನನ್ನ ಎಣಿಕೆಯ ಹಾಳೆಯಲ್ಲಿ ಅದಕ್ಕೆ ಜಾಗವಿಲ್ಲ ಎಂದೆ. ಮಾಯವ್ವನ ಮನೆಯ ಡಬರಿಯ ಅಂಚು ಸೀಳಿತ್ತು, ಅದೂ ನೆನಪಿದೆ.

ಸುದ್ದಿ ಕೇಳಿದ ಮರುದಿನ ನಿನ್ನ ಹಾಜರಿ ಪುಸ್ತಕವನ್ನು ಕಚೇರಿಯಲ್ಲಿ ಹುಡುಕಿದೆ. ಕೊನೆಯ ಹಾಳೆಯಲ್ಲಿ ಡಬರಿ ಒಯ್ಯುವ ಮೂವತ್ತೊಂದು ಮನೆ, ಒಂದೊಂದು ಮಗುವಿನ ಹೆಸರು, ನಿನ್ನ ಅಕ್ಷರದಲ್ಲಿ. ಎಲ್ಲವನ್ನೂ ಸೇರಿಸಿ ಹೊಸ ವರದಿ ಬರೆದು ಒಯ್ದರೆ ಸಾಹೇಬರು ಪುಟ ತಿರುವಲಿಲ್ಲ. "ಆಗಿಹೋದ ಕೆಲಸಕ್ಕ ಇದ್ಯಾಕ್ರಿ ಅಕ್ಕಾರ" ಎಂದು ಕಪಾಟಿಗೆ ಹಾಕಿದರು. ನಾನು ಬರೆದದ್ದರಲ್ಲಿ ಖರೆ ಅಂತ ಇದ್ದದ್ದು ಅದೊಂದೇ.

ಈ ಕಾಗದವನ್ನು ಮಾಯವ್ವನಿಗೆ ಪೂರ್ತಿ ಓದಿ ಹೇಳು. ಬೈದರೆ ಬೈಯಲಿ.

ನಿನ್ನ ತಂಗಿ,
ಸಿದ್ದಲಿಂಗವ್ವ

ತಾ.ಕ.: ಹಾಳೆಯಲ್ಲಿ ಜಾಗವಿಲ್ಲ ಎಂದೆನಲ್ಲ, ಮೊದಲು ಇತ್ತು. 'ಮನೆಗೆ ಒಯ್ಯುವವರು' ಎಂಬ ಅಂಕಣವನ್ನು ಸಾಹೇಬರೇ ಹೇಳಿ ಬರೆಸಿದ್ದರು. ಹಾಳೆ ಚಿಕ್ಕದಿದ್ದರೆ ಓದುತ್ತಾರೆಂದು ಅದನ್ನು ಹೊಡೆದು ಹಾಕಿದವಳು ನಾನು.