ಗುಟುಕು ನೀರು

ಮಾರ್ಚ್ 3, ಬೆಳಗ್ಗೆ
ಸಾಣೆ ಮೋಟಾರಿನ ಬೆಲ್ಟ್ ಮತ್ತೆ ಜಾರಿತು. ಬದಲಾಯಿಸಿದೆ. ಆರು ಗಾರ್ನೆಟ್ ಹರಳು ಮುಗಿದವು. ಒಂದರ ಅಂಚು ಹಾರಿಹೋಯ್ತು — ನನ್ನದೇ ಅವಸರ. ಅಣ್ಣ ಕೆಳಗೆ ಇದ್ದಿದ್ರೆ ಹಿಂದಿನಿಂದ ಒಂದು ಸಲ ಕೆಮ್ಮುತ್ತಿದ್ದ, ಅಷ್ಟೆ. ಆ ಕೆಮ್ಮಿಗೆ ಹೆದರಿಯೇ ನಾನು ಕೆಲಸ ಕಲಿತಿದ್ದು.
ಎರಡು ವರ್ಷ ಆಯ್ತು ಅವನು ಈ ಕೋಣೆಗೆ ಕಾಲಿಡದೆ. ಕೈ ನಡುಕ ಶುರುವಾಯ್ತು, ಗಿರಾಕಿಯೊಬ್ಬರ ನೀಲಮಣಿ ಚಕ್ರದ ಮೇಲೆ ಒಡೆಯಿತು. ಅವತ್ತಿಂದ ಮಹಡಿ ಮೇಲೇ. ಕೈ ಶಾಲಿನೊಳಗೆ. ಅತ್ತಿಗೆ ಎದುರೂ ಹೊರಗೆ ತೆಗೆಯಲ್ಲ.

ಮಾರ್ಚ್ 4, ಮಧ್ಯಾಹ್ನ
ಗಣಿಯಜ್ಜ ಬಂದಿದ್ರು. ಮೂವತ್ತು ವರ್ಷ ಸುರಂಗ ತೋಡಿದವರು. ಕರ್ಚೀಫು ಬಿಚ್ಚಿದ್ರೆ ಹೆಬ್ಬೆರಳಿನಷ್ಟು ಸ್ಫಟಿಕ, ಮೈಯೆಲ್ಲ ಮಬ್ಬು. ಇಂಥವು ನೂರು ನೋಡಿದೀನಿ ಅಂತ ಮನಸ್ಸಲ್ಲೇ ಮೂಗು ಮುರಿದೆ.
"ಟಾರ್ಚ್ ಹಿಡಿದು ವಾಲಿಸಿ ನೋಡಮ್ಮ" ಅಂದ್ರು.
ವಾಲಿಸಿದೆ. ಕಲ್ಲಿನೊಳಗೆ ಒಂದು ಗುಳ್ಳೆ ನಿಧಾನಕ್ಕೆ ಆ ಕಡೆಯಿಂದ ಈ ಕಡೆ ಬಂತು.
ಅಜ್ಜ ಹೇಳಿದ್ದು — ಬಂಡೆಯ ಬಿರುಕಲ್ಲಿ ಬಿಸಿನೀರು ಹರೀತಿತ್ತಂತೆ. ಅದರಲ್ಲಿ ಕರಗಿದ್ದೆಲ್ಲ ಪದರ ಪದರವಾಗಿ ಕೂತು ಹರಳಾಗೋವಾಗ ಒಂದು ಗುಟುಕು ಒಳಗೇ ಸಿಕ್ಕಿಹಾಕ್ಕೊಂಡಿದೆ. ಆಮೇಲೆ ತಣ್ಣಗಾಗಿ ನೀರು ಕುಗ್ಗಿ, ಉಳಿದ ಜಾಗದಲ್ಲಿ ಗುಳ್ಳೆ. ಮನುಷ್ಯನೇ ಇರದ ಕಾಲದ ನೀರು. ಇನ್ನೂ ಬತ್ತಿಲ್ಲ. ಯಪ್ಪಾ.
ಗಣಿ ಮುಚ್ಚಿತಂತೆ. ನೆನಪಿಗೆ ಇದೊಂದೇ ಕಲ್ಲು. ಕಿಟಕಿ ಥರ ಒಂದು ಮುಖ ಮಾತ್ರ ಪಾಲಿಶ್ ಆಗಬೇಕು, ನೀರು ಕಾಣಬೇಕು. ಒಪ್ಪಿಕೊಂಡೆ.

ಮಾರ್ಚ್ 5
ಮಹಡಿಗೆ ಹೋಗಿ ಅಣ್ಣನಿಗೆ ಹೇಳಿದೆ, ಕಲ್ಲೊಳಗೆ ನೀರಿದೆ, ಬಂದು ನೋಡು ಅಂತ. "ನನಗ್ಯಾಕೆ ಹೇಳ್ತೀಯ" ಅಂದು ಗೋಡೆ ಕಡೆ ತಿರುಗಿದ. ಮುಖ ಹುಳ್ಳಗೆ ಮಾಡ್ಕೊಂಡು ಇಳಿದು ಬಂದೆ. ಹಟಮಾರಿ.

ಮಾರ್ಚ್ 6, ಹತ್ತು ಗಂಟೆ
ಬರೆಯೋಕೂ ನಾಚಿಕೆ.
ದೀಪ ಹಚ್ಚಿ ಅರಗು ಕಾಯಿಸಿದೆ. ಸಾಣೆ ಹಿಡಿಯೋಕೆ ಕಡ್ಡಿಗೆ ಅಂಟಿಸೋ ಮೊದಲು ಕಲ್ಲನ್ನೂ ಬಿಸಿ ಮಾಡಬೇಕು, ಇಲ್ಲದಿದ್ರೆ ಅರಗು ಹಿಡಿಯಲ್ಲ. ದಿನಾ ಮಾಡೋ ಕೆಲಸ, ಕೈ ತಾನಾಗೇ ಹೋಯ್ತು. ಇಕ್ಕಳದಲ್ಲಿ ಸ್ಫಟಿಕ ಹಿಡಿದು ಜ್ವಾಲೆ ಮೇಲೆ ತಂದೆ.
"ಇಳಿಸು."
ಬಾಗಿಲಲ್ಲಿ ಅಣ್ಣ. ಬರಿಗಾಲು. ಅರಗಿನ ವಾಸನೆ ಮಹಡಿವರೆಗೂ ಹೋಗಿತ್ತಂತೆ, ಆ ನೀರಿನ ಕಲ್ಲಿಗೇ ಅಂತ ಅನುಮಾನ ಬಂತಂತೆ.
"ಒಳಗಿನ ನೀರು ಕಾದ್ರೆ ಕಲ್ಲು ಸೀಳುತ್ತೆ ಕಣೇ."
ಇಳಿಸಿ ಟಾರ್ಚ್ ಹಾಕಿದೆ. ನೀರು ಹಿಗ್ಗಿ ಗುಳ್ಳೆ ಸಾಸಿವೆಯಷ್ಟಾಗಿತ್ತು. ಇಬ್ಬರೂ ನೋಡ್ತಾ ನಿಂತ್ವಿ. ಕಲ್ಲು ತಣ್ಣಗಾದ ಹಾಗೆ ಗುಳ್ಳೆ ಮತ್ತೆ ದೊಡ್ಡದಾಗ್ತಾ ಬಂತು... ಪೂರ್ತಿ ಬಂತು. ಅಣ್ಣ ಮೆಟ್ಟಿಲು ಹತ್ತಿ ಹೋದ.

ಮಾರ್ಚ್ 15
ಒಂಬತ್ತು ದಿನ ಕಲ್ಲು ಮುಟ್ಟೋ ಧೈರ್ಯ ಬರಲಿಲ್ಲ. ಎದ್ದ ತಕ್ಷಣ ಗುಳ್ಳೆ ಇದೆಯಾ ಅಂತ ನೋಡೋದು, ಡಬ್ಬಿ ಮುಚ್ಚೋದು.
ಇವತ್ತು ಅಣ್ಣ ತಾನೇ ಇಳಿದು ಬಂದ. ಕೈ ಶಾಲಿನೊಳಗೇ. ಅರಗು ಬೇಡ, ಮೋಟಾರೂ ಬೇಡ ಅಂದ. ಗಾಜಿನ ಹಲಗೆ ಮೇಲೆ ಸಾಣೆಪುಡಿ, ತಣ್ಣೀರು, ಬೆರಳಲ್ಲಿ ಹಿಡಿದು ತೇಯೋದು. ತೇಯೋಕೆ ಕೂತೆ, ಸ್ವಲ್ಪ ಜೋರು ಮಾಡಿದೆ.
ಹಿಂದಿನಿಂದ ಕೆಮ್ಮಿದ. ಕಣ್ಣು ತುಂಬಿ ಬಂತು, ತಿರುಗಲಿಲ್ಲ.

ಮಾರ್ಚ್ 19, ಸಂಜೆ
ಕಿಟಕಿ ತೆರೆಯಿತು. ಮಬ್ಬು ಹೋಗಿ ಒಳಗೆ ಕೋಣೆ, ಕೋಣೆಯಲ್ಲಿ ನೀರು. ಅಂಗೈ ಮೇಲಿಟ್ಟುಕೊಂಡೆ. ಗುಳ್ಳೆ ಒಂದು ಮೂಲೆಯಲ್ಲಿ ಕೂತಿತ್ತು.
ಪಕ್ಕದಲ್ಲಿದ್ದ ಅಣ್ಣನಿಗೆ ಹಿಡ್ಕೋ ಅಂದೆ. ತಲೆ ಅಲ್ಲಾಡಿಸಿದ.
"ಬಿದ್ರೆ?"
"ಕೆಳಗೆ ನನ್ನ ಕೈ ಇರುತ್ತೆ."
ಎಷ್ಟೋ ಹೊತ್ತು ಕಾದೆ. ಶಾಲು ಸರಿಯಿತು. ಕೈ ಹೊರಗೆ ಬಂತು. ತೆಳ್ಳಗಾಗಿದೆ. ಕಲ್ಲು ಇಟ್ಟೆ. ಕೈ ನಡುಗಿತು — ಗುಳ್ಳೆ ಓಡಿತು. ಮೇಲೆ, ಕೆಳಗೆ, ಮತ್ತೆ ಮೇಲೆ. ನನ್ನ ಕೈಯಲ್ಲಿ ಒಂದು ಸಲವೂ ಹೀಗೆ ಓಡಿರಲಿಲ್ಲ.
"ನೋಡೇ, ನಿಲ್ತಾನೇ ಇಲ್ಲ" ಅಂದ. ನಕ್ಕ. ನಾನು ಅತ್ತೆ, ಸುಳ್ಳು ಯಾಕೆ ಹೇಳಲಿ.

ಮಾರ್ಚ್ 20, ಬೆಳಗ್ಗೆ
ಗಣಿಯಜ್ಜ ಹತ್ತಕ್ಕೆ ಬರ್ತಾರೆ. ಅಣ್ಣ ಏಳಕ್ಕೇ ಕೆಳಗೆ ಬಂದು ಕೂತಿದಾನೆ. ಶಾಲು ಇಲ್ಲ. ಎಲ್ಲಿ ಅಂತ ನಾನು ಕೇಳಲಿಲ್ಲ.
ಬಾಗಿಲು ತಟ್ಟಿದ್ರು. ನಾನು ಏಳೋಷ್ಟರಲ್ಲಿ ಅವನೇ ಎದ್ದ. ಅಜ್ಜನಿಗೆ ತಾನೇ ತೋರಿಸ್ತಾನಂತೆ, ಎರಡು ಕೈಯಲ್ಲೂ ಕಲ್ಲು ಹಿಡಿದು ಬಾಗಿಲ ಕಡೆ ಹೊರಟ. ಬರೆಯೋದು ಸಾಕು, ನಾನೂ ಹೋಗ್ತೀನಿ.